ಸಿದ್ದು ಹೇಳದ ಮಾತು

ಕೊಪ್ಪ
ಬುಧವಾರ, ೮ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮನಿಗೆ,

ನಿನ್ನ ಸುಮಿಯ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ತನ್ನ ಬಾಣಂತನದ ಕೋಣೆ ಮಹಡಿಯ ಮೇಲಿದೆ, ನೀನು ದಿನವೂ ಹತ್ತಿ ಇಳಿಯುತ್ತೀಯ, ಬೇಡವೆಂದರೂ ಕೇಳುವುದಿಲ್ಲ ಎಂದು ಕೃತಿಕಾ ಫೋನಿನಲ್ಲಿ ಹೇಳಿದಳು. ಊರವರ ಕಾಲಿಗೆಲ್ಲ ಎಣ್ಣೆ ತಿಕ್ಕುವವಳು ನಿನ್ನ ಕಾಲಿಗೆ ಮಾತ್ರ ನಾಳೆ ನಾಡಿದ್ದು ಅನ್ನುತ್ತೀಯ. ಬಿಸಿನೀರಿನ ಶಾಖ ಬಿಡಬೇಡ. ಮಗು ಮಗುಚಿಕೊಳ್ಳಲು ಕಲಿತಿದೆಯಂತೆ. ಫೋಟೋ ನೋಡಿದೆ. ಹಣೆ ಚಿಕ್ಕಮ್ಮನದು, ಗಲ್ಲ ಯಾರದೆಂದು ತಿಳಿಯಲಿಲ್ಲ. ಮುಖ ಬಿಡಿಸಿಯೇ ಹೊಟ್ಟೆ ಹೊರೆಯುವವಳಿಗೆ ಯಾರ ಮುಖ ಕಂಡರೂ ಅದರಲ್ಲಿ ಇನ್ನೊಬ್ಬರನ್ನು ಹುಡುಕುವ ಚಟ. ನಾನು ಆರೋಗ್ಯವಾಗಿದ್ದೇನೆ. ಬಲಗೈ ಮಣಿಕಟ್ಟು ಒಂದಿಷ್ಟು ನೋಯುತ್ತದೆ, ಡಾಕ್ಟರು ಚಿತ್ರ ಬರೆಯುವುದನ್ನು ನಿಲ್ಲಿಸಿ ಅಂದರು. ಅವರಿಗೂ ಅದು ಆಗದ ಮಾತೆಂದು ಗೊತ್ತು, ನನಗೂ ಗೊತ್ತು.

ಫೋನ್ ಇರುವಾಗ ಕಾಗದ ಯಾಕೆಂದು ಚಿಕ್ಕಮ್ಮ ನಗಬಹುದು. ಫೋನಿನಲ್ಲಿ ನೀನು ಊಟ ಆಯಿತೇ, ಅಲ್ಲಿ ಮಳೆ ಇದೆಯೇ ಎಂದು ಕೇಳಿ ಚಿಕ್ಕಮ್ಮನ ಕೈಗೆ ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ, ಓದಲೇಬೇಕು. ಕನ್ನಡಕ ಹಾಕಿಕೊಂಡು, ಮಗು ಮಲಗಿದ ಮೇಲೆ ಒಬ್ಬಳೇ ಕೂತು ಓದು.

ನನ್ನ ಕೆಲಸ ಎಂದಿನಂತೆ ನಡೆದಿದೆ. ಬಸ್‌ಸ್ಟ್ಯಾಂಡಿನ ಹತ್ತಿರ, ಟೈಲರ್ ಅಂಗಡಿಯ ಮೇಲಿನ ಅದೇ ಕೋಣೆ, ಕಿಟಕಿಯ ಕೆಳಗೆ ಅದೇ ಮೇಜು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನನ್ನ ಮೇಜು ನಡುಗುತ್ತದೆ, ಹಾಗಾಗಿ ಸಣ್ಣ ಗೆರೆಗಳನ್ನು ಅವರು ಕಾಫಿಗೆ ಎದ್ದಾಗ ಎಳೆದುಕೊಳ್ಳುತ್ತೇನೆ. ಮಕ್ಕಳ ಮಾಸಪತ್ರಿಕೆಗೆ ಎರಡು ಪುಟದ ಚಿತ್ರಕಥೆ ತಿಂಗಳು ತಿಂಗಳು ಹೋಗುತ್ತಿದೆ. ಅದರಲ್ಲಿನ ಕೊಕ್ಕರೆ ಪಕ್ಕದ ಮನೆ ಮೇಷ್ಟ್ರ ಹಾಗೇ ನಡೆಯುತ್ತದೆ ಎಂದು ನೀನು ಗುರುತು ಹಿಡಿದಿದ್ದೆಯಲ್ಲ, ಆ ಕೊಕ್ಕರೆಗೆ ಈಗ ಒಬ್ಬಳು ಹೆಂಡತಿಯೂ ಬೇಕೆಂದು ಪತ್ರಿಕೆಯವರು ಕೇಳಿದ್ದಾರೆ. ಶೃಂಗೇರಿಯ ಶಾಲೆಯೊಂದರ ಗೋಡೆಗೆ ಚಿತ್ರ ಬರೆದು ಮುಗಿಸಿದೆ. ಮಂಗನ ಕಾಯಿಲೆಯ ಕರಪತ್ರಕ್ಕೂ ಚಿತ್ರ ಕೇಳಿದ್ದರು. ಆಗುವುದಿಲ್ಲ ಅನ್ನಬೇಕೆಂದಿದ್ದೆ. ಆಮೇಲೆ, ಯಾರಾದರೂ ಬರೆಯಲೇಬೇಕಲ್ಲ, ಕಾಡಿಗೆ ಹೋಗುವ ಮುಂಚೆ ಎಣ್ಣೆ ಹಚ್ಚಿಕೊಳ್ಳಿ ಎಂದು ಯಾರಾದರೂ ಹೇಳಲೇಬೇಕಲ್ಲ ಅನ್ನಿಸಿ ಒಪ್ಪಿದೆ. ಆ ಕಾಯಿಲೆ ಹರಡುವ ಉಣುಗಿನ ಹುಳವನ್ನು ಅಂಗೈಯಷ್ಟು ದೊಡ್ಡದಾಗಿ ಬಿಡಿಸಬೇಕಿತ್ತು. ಅದರ ಕಾಲುಗಳನ್ನು ಎಳೆಯುವಾಗ ಕೈ ಎರಡು ಮೂರು ಸಲ ನಿಂತಿತು. ಆದರೂ ಬರೆದುಕೊಟ್ಟೆ.

ಇವೆಲ್ಲ ಸುತ್ತು ಮಾತು. ನಿನಗೆ ಬರೆಯಬೇಕಾದದ್ದು ಅಣ್ಣನ ಪುಸ್ತಕದ ವಿಷಯ. ಕೆಲವೆಲ್ಲ ನಿನಗೆ ಗೊತ್ತಿರುವುದೇ, ಆದರೂ ಮೊದಲಿನಿಂದ ಬರೆಯುತ್ತೇನೆ. ಹಾಗೆ ಬರೆದರೆ ನಾನು ಎಲ್ಲಿ ದಾರಿ ತಪ್ಪಿದೆ ಎಂದು ನಿನಗೂ ಕಾಣುತ್ತದೆ, ನನಗೂ ಕಾಣುತ್ತದೆ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಸಿದ್ದಣ್ಣ ಮಂಗನ ಕಾಯಿಲೆಯಿಂದ ತೀರಿಕೊಂಡಾಗ, ನಾನು ಮಾಡಬಹುದಾದ ಕೆಲಸ ಒಂದೇ ಅನ್ನಿಸಿತು. ಅವನ ಕಥೆಯನ್ನು ಚಿತ್ರದಲ್ಲಿ ಬರೆಯುವುದು. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರಲು ಒಪ್ಪದೆ ಕರೆಂಟಿನ ಲೈನ್‌ಮ್ಯಾನ್ ಆದವನು, ಹರಿಹರಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಸುತ್ತಿನ ಕಾಡಂಚಿನ ಊರುಗಳಿಗೆಲ್ಲ ಬೆಳಕು ಕೊಟ್ಟವನು. ಶಿವಮೊಗ್ಗದ ಪ್ರಕಾಶಕರು ಗಣಪತಿಯವರು ಹತ್ತು ಪುಟ ನೋಡಿಯೇ ಒಪ್ಪಿದರು. ವರ್ಷವಿಡೀ ಬೇರೆ ಕೆಲಸದ ನಡುವೆ ಅದನ್ನೇ ಬರೆದೆ. ತುಂಬ ಚೆನ್ನಾಗಿ ಬರೆದೆ ಎಂದುಕೊಂಡಿದ್ದೆ. ಮಳೆಯಲ್ಲಿ ಕಂಬ ಹತ್ತುವ ಅಣ್ಣ, ಕೆಳಗೆ ಕೈಮುಗಿದು ನಿಂತ ಊರವರು. ಕೊನೆಗೆ ಜ್ವರ ಬಂದಿದ್ದರೂ, ನಾಳೆ ಪರೀಕ್ಷೆ ಇರುವ ಒಬ್ಬಳು ಹುಡುಗಿಯ ಮನೆಗೆ ಬೆಳಕು ಬರಲೆಂದು ಕಂಬ ಹತ್ತಿ, ಇಳಿದು, ಕುಸಿದು ಬೀಳುವ ಅಣ್ಣ. ಆ ಪುಟವನ್ನು ಬರೆಯುವಾಗ ಅತ್ತಿದ್ದೆ, ಹಾಗಾಗಿ ಅದು ನಿಜವೆಂದೇ ನಂಬಿದ್ದೆ.

ಜೂನಿನಲ್ಲಿ ಕರಡು ತೆಗೆದುಕೊಂಡು ಎನ್.ಆರ್. ಪುರಕ್ಕೆ ಬಂದೆನಲ್ಲ. ಅಪ್ಪ ಅಂಗಡಿಯಲ್ಲಿದ್ದರು. ನೀನು ನಡುಮನೆಯ ಮಣೆಯ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಅಳಲಿಲ್ಲ. ಒಂದು ಕಡೆ, "ಯಾರೇ ಇವ್ನು, ಇಷ್ಟು ಒಳ್ಳೆಯವ್ನು?" ಎಂದು ಮೆಲ್ಲಗೆ ಕೇಳಿದೆ. ತಮಾಷೆ ಎಂದುಕೊಂಡು ನಕ್ಕೆ. ಆಸ್ಪತ್ರೆಯ ಪುಟ ಬಂತು. ಮಂಚದ ಮೇಲೆ ಅಣ್ಣ, ಪಕ್ಕದಲ್ಲಿ ನೀನು, ಅವನ ಬಾಯಿಂದ ಹೊರಟ ಮಾತಿನ ಬಲೂನು. ಅದರಲ್ಲಿ, "ಅಪ್ಪಂಗೆ ಹೇಳಮ್ಮ, ನಂಗೆ ಅವ್ರ ಮೇಲೆ ಸಿಟ್ಟಿಲ್ಲ ಅಂತ." ನೀನು ಆ ಬಲೂನಿನ ಮೇಲೆ ಬೆರಳಿಟ್ಟೆ. "ಇದನ್ನ ಯಾರು ಹೇಳಿದ್ರು ನಿಂಗೆ?" ಅಂದೆ. "ಯಾರೂ ಹೇಳಿಲ್ಲ ಅಮ್ಮ, ಕಥೆಗೆ ಬೇಕಿತ್ತು," ಅಂದೆ ನಾನು. ನೀನು ಹಾಳೆಗಳನ್ನು ನೆಲಕ್ಕೆ ಕುಟ್ಟಿ ಅಂಚು ಸರಿಮಾಡಿ, ಚಿತ್ರ ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋದೆ. ಆ ಸಂಜೆ ಅಪ್ಪನಿಗೆ ಓದಲೆಂದು ಒಂದು ಪ್ರತಿ ಬಿಟ್ಟು ನಾನು ಕೊಪ್ಪಕ್ಕೆ ಹಿಂದಿರುಗಿದೆ. ಸ್ವಲ್ಪ ದಿನದಲ್ಲೇ ನೀನು ಕೃತಿಕಾಳ ಬಾಣಂತನಕ್ಕೆಂದು ತರೀಕೆರೆಗೆ ಹೊರಟೆ. ತಂಗಿಯ ಮಗಳ ಬಾಣಂತನ, ಹೋಗಬೇಕಾದದ್ದೇ ಎಂದುಕೊಂಡೆ. ಬಾಣಂತನ ಮುಗಿದ ಮೇಲೂ ನೀನು ಯಾಕೆ ಬರಲಿಲ್ಲ ಎಂದು ಯೋಚಿಸಲಿಲ್ಲ.

ಗೌರಿ ಹಬ್ಬಕ್ಕೆ ಮನೆಗೆ ಹೋದಾಗ ಗೊತ್ತಾಯಿತು. ಹಬ್ಬಕ್ಕೂ ನೀನಿರಲಿಲ್ಲ. ಅಪ್ಪನಿಗೆ ಊಟ ತೆಗೆದುಕೊಂಡು ಅಂಗಡಿಗೆ ಹೋದೆ. ಬಟ್ಟೆ ಹರಡುವ ಮೇಜಿನ ಗಾಜಿನ ಕೆಳಗೆ, ದೇವರ ಫೋಟೋದ ಪಕ್ಕದಲ್ಲಿ, ಆಸ್ಪತ್ರೆಯ ಪುಟದ ಜೆರಾಕ್ಸ್ ಇತ್ತು. ಲಂಗದ ಬಟ್ಟೆಗೆ ಬಂದಿದ್ದ ಹೆಂಗಸೊಬ್ಬರಿಗೆ ಅಪ್ಪ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. "ನೋಡಿ, ಹೋಗೋ ಹೊತ್ತಿಗೆ ನಮ್ಮ ಸಿದ್ದು ಈ ಮಾತು ಹೇಳಿ ಹೋದ," ಅಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮ ನಂಗೆ ಹೇಳ್ಲೇ ಇಲ್ಲ ನೋಡು ಇದನ್ನ. ವರ್ಷದ ಮೇಲಾಯ್ತು. ನಿಂಗೆ ಹೇಳಿದ್ದಾಳೆ, ನಂಗೆ ಹೇಳಿಲ್ಲ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ ಅಮ್ಮ, ಸಿಟ್ಟಿದ್ದರೆ ನಾನು ಆಗಲೇ ಹೇಳಿಬಿಡುತ್ತಿದ್ದೆನೇನೋ. ಆ ಮಾತು ಹಿಡಿದುಕೊಂಡು ಅವರು ಎದ್ದು ನಿಂತ ಹಾಗೆ ಕಾಣುತ್ತಿತ್ತು. ಊಟದ ಡಬ್ಬಿ ತೆಗೆದಿಟ್ಟು ಹೊರಟೆ.

ಮನೆಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನೀನು ಸ್ನಾನಕ್ಕೆ ಹೋಗಿದ್ದೆ. ಚಿಕ್ಕಮ್ಮ ಹೇಳಿದರು, "ನಿಮ್ಮಪ್ಪ ಒಂದೇ ಸಮ ಕೇಳ್ತಿದ್ರಂತೆ ಮಾರಾಯ್ತಿ. ಕೂತ್ರೂ ನಿಂತ್ರೂ ಅದೇ. ಅವ್ನು ಹೇಳು ಅಂದ ಮಾತನ್ನ ಯಾಕೆ ಮುಚ್ಚಿಟ್ಟೆ ಅಂತ. ಅಕ್ಕ ಹೌದು ಅಂದ್ರೆ ಮುಚ್ಚಿಟ್ಟ ಹಾಗಾಗ್ತದೆ. ಇಲ್ಲ ಅಂದ್ರೆ ನಿಮ್ಮಪ್ಪನ ಕೈಲಿರೋದನ್ನ ಕಿತ್ಕೊಂಡ ಹಾಗಾಗ್ತದೆ. ಅವ್ಳು ಎಂತ ಮಾಡ್ತಾಳೆ ಹೇಳು?" ಆಮೇಲೆ, "ನಿಮ್ಮಪ್ಪನ ಎದುರು ನಿನ್ನ ಹೆಸರೂ ಎತ್ತಿಲ್ಲ ಅವ್ಳು," ಅಂದರು.

ಆಸ್ಪತ್ರೆಯಲ್ಲಿ ಅಣ್ಣನ ಹತ್ತಿರ ಇದ್ದವಳು ನೀನೊಬ್ಬಳೇ. ಅಪ್ಪ ನಾಳೆ ಬರುತ್ತೇನೆ ಎಂದು ಅಂಗಡಿ ತೆರೆದು ಕೂತಿದ್ದರು. ನಾನು ಆಗಲೂ ಶೃಂಗೇರಿಯಲ್ಲಿ, ಬೇರೊಂದು ಗೋಡೆಗೆ ಬಣ್ಣ ಹಚ್ಚುತ್ತಿದ್ದೆ. ಕೋಣೆಯಲ್ಲಿ ಏನು ನಡೆಯಿತೆಂದು ನೀನು ಯಾರಿಗೂ ಹೇಳಲಿಲ್ಲ, ನಾವಿಬ್ಬರೂ ಕೇಳಲಿಲ್ಲ. ಕೇಳದೆಯೇ ನಾನು ಅದನ್ನು ಚೌಕ ಹಾಕಿ, ಬಲೂನು ಕಟ್ಟಿ, ಮುದ್ದಾದ ಅಕ್ಷರದಲ್ಲಿ ಬರೆದುಬಿಟ್ಟೆ. ಪುಟದ ಬಲಮೂಲೆ ಖಾಲಿ ಕಾಣುತ್ತಿತ್ತು, ಓದುವವರ ಕಣ್ಣು ನಿಲ್ಲಲು ಅಲ್ಲೊಂದು ಮಾತು ಬೇಕೆನ್ನಿಸಿತು. ನಿಜವಾಗಿ ಇಷ್ಟೇ ಕಾರಣ. ಬರೆಯುವಾಗ ಅಪ್ಪನ ಬಗ್ಗೆ ಯೋಚಿಸಿದ್ದೂ ಇಲ್ಲ.

ಆವತ್ತಿನಿಂದ ಪುಸ್ತಕವನ್ನು ಮತ್ತೆ ಬರೆಯಲು ಹಿಡಿದೆ. ಗಣಪತಿಯವರಿಗೆ ಫೋನ್ ಮಾಡಿ, ಮುಕ್ಕಾಲು ಭಾಗ ಬದಲಾಗುತ್ತದೆ ಅಂದೆ. "ಮೇಡಂ, ಚೆನ್ನಾಗಿದೆಯಲ್ಲ, ಓದಿದವರೆಲ್ಲ ಅತ್ತಿದ್ದಾರೆ," ಅಂದರು ಅವರು. ಅತ್ತದ್ದು ನಮ್ಮಣ್ಣನಿಗಲ್ಲ, ಬೇರೆ ಯಾರಿಗೋ ಅಂದೆ. ಅವರಿಗೆ ಬೇಸರವಾಯಿತು. ದೀಪಾವಳಿಗೆ ತರಬೇಕೆಂದಿದ್ದ ಪುಸ್ತಕ ಮುಂದಕ್ಕೆ ಹೋಯಿತು. ಆದರೆ ಬಿಡಲಿಲ್ಲ, ಸಾವಕಾಶ ಮಾಡಿ ಅಂದರು.

ಮೊದಲು ಹರಿಹರಪುರಕ್ಕೆ ಹೋಗಿ ವಾಸಪ್ಪನವರನ್ನು ಕಂಡೆ. ಅಣ್ಣನ ಜೊತೆಗೇ ಕೆಲಸ ಮಾಡಿದವರು, ಮಣ್ಣಿಗೆ ಬಂದಾಗ ನಿನ್ನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರಲ್ಲ, ಅವರೇ. ಹೋಟೆಲಿನಲ್ಲಿ ಕೂತು ಹಳೆಯ ಕರಡು ಓದಿ, ಬಹಳ ಹೊತ್ತು ಗಲ್ಲ ಉಜ್ಜಿಕೊಂಡರು. "ಚಿತ್ರ ಎಲ್ಲ ಲಾಯ್ಕಿದೆ ತಂಗಿ. ಆದ್ರೆ ಸಿದ್ದ ಎಲ್ಲಿದ್ದಾನೆ ಇದ್ರಲ್ಲಿ?" ಅಂದರು. ಆಮೇಲೆ ಅವರಾಗಿಯೇ ಮಾತು ಶುರುಮಾಡಿದರು. ಅಣ್ಣ ಕೇರಂ ಆಟದಲ್ಲಿ ಕಾಯಿ ಕದಿಯುತ್ತಿದ್ದದ್ದು, ಸಿಕ್ಕಿಬಿದ್ದರೆ ಬೋರ್ಡನ್ನೇ ಎತ್ತಿ ಕವುಚುತ್ತಿದ್ದದ್ದು. ಫೋನಿನಲ್ಲಿ ಬೈದವರ ಮನೆಯ ಕರೆಂಟನ್ನು ಕೊನೆಗೆ ಸರಿಮಾಡುತ್ತಿದ್ದದ್ದು. ಭಾನುವಾರ ಎನ್.ಆರ್. ಪುರಕ್ಕೆ ಬರುವಾಗ, ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ ಬಸ್ಸು ಹತ್ತುತ್ತಿದ್ದದ್ದು. "ಒಂದು ಸಲ ಅಂಗಡಿ ಎದುರಿಂದ್ಲೇ ಬೈಕಲ್ಲಿ ಹೋದ್ವಿ ನಾವು. ನಿಲ್ಸು ಅಂದೆ. ನಿಲ್ಸಿದ. ಇಳೀಲಿಲ್ಲ. ಆಚೆ ಬದಿಯಿಂದ್ಲೇ ನೋಡಿದ, ಮತ್ತೆ ಕಿಕ್ ಹೊಡ್ದ," ಅಂದರು ವಾಸಪ್ಪ. ಅದನ್ನು ಹಾಗೇ ಬರೆದಿದ್ದೇನೆ ಅಮ್ಮ. ಒಂದು ಪುಟಕ್ಕೆ ಒಂದೇ ಚಿತ್ರ. ರಸ್ತೆಯ ಈಚೆ ಬದಿ ಬೈಕಿನ ಮೇಲೆ ಅವನ ಬೆನ್ನು, ಆಚೆ ಬದಿ ಅಂಗಡಿಯಲ್ಲಿ ಬಗ್ಗಿ ಬಟ್ಟೆ ಅಳೆಯುತ್ತಿರುವ ಅಪ್ಪ. ಮಾತಿಲ್ಲ.

ಪರೀಕ್ಷೆಯ ಹುಡುಗಿಯ ವಿಷಯ ಕೇಳಿದೆ. ಸಾವಿಗೆ ಬಂದ ಯಾರೋ ಹೇಳಿದ್ದನ್ನು ಹಿಡಿದು ನಾನು ಬೆಳೆಸಿದ್ದು ಅದು. ವಾಸಪ್ಪನವರು ತಲೆ ಆಡಿಸಿದರು. "ಹಾಗೆಂತದೂ ಇಲ್ಲ. ಹಿರೇಕೊಡಿಗೆ ವೆಂಕಮ್ಮನ ಹತ್ರ ಕೇಳು, ಅವ್ರ ಜಗಲೀಲೇ ಜ್ವರ ಹಿಡಿದದ್ದು," ಅಂದರು. ಮುಂದಿನ ವಾರ ಹಿರೇಕೊಡಿಗೆಗೆ ಹೋದೆ. ವೆಂಕಮ್ಮ ವಯಸ್ಸಾದವರು, ಮಾತು ಒರಟು. ನಾನು ಯಾರೆಂದು ಹೇಳಿದ ಕೂಡಲೇ, "ನಿನ್ನ ಅಣ್ಣಂದು ಬಾಯಿ ಭಾರೀ ಕೆಟ್ಟದು," ಎಂದೇ ಶುರುಮಾಡಿದರು. ಲೈನಿಗೆ ತಾಗುತ್ತಿದ್ದ ಅವರ ಹಲಸಿನ ಕೊಂಬೆಯನ್ನು ಕೇಳದೆ ಕಡಿದನಂತೆ. ಇವರು ಬೈದರಂತೆ, ಅವನೂ ಬೈದನಂತೆ, ಇವರು ಬಚ್ಚಲಿನ ಕೊಡದ ನೀರು ತಂದು ಅವನ ಮೇಲೆ ಎರಚಿದರಂತೆ. ಮಾರನೆಯ ವಾರ ಅವನು ಏನೂ ಆಗದವನ ಹಾಗೆ ಬಂದು ಕಾಫಿ ಕೇಳಿದನಂತೆ. ಆಮೇಲೆ ಆ ದಾರಿಯಲ್ಲಿ ಹೋದಾಗೆಲ್ಲ ಕಾಫಿ. ಅವರು ಹೇಳುತ್ತ ಹೇಳುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು.

ಕೊನೆಯ ಸಲ ಬಂದದ್ದು ಬೆಳಗಿನ ಹೊತ್ತು. ವಾಸಪ್ಪನವರೂ ಇದ್ದರು. ಅಣ್ಣ ಏಣಿಯನ್ನು ಕಂಬಕ್ಕೆ ಒರಗಿಸಿ, ಒಂದು ಮೆಟ್ಟಿಲಿಗೆ ಕಾಲಿಟ್ಟು, ಮತ್ತೆ ತೆಗೆದು, ಬಂದು ಜಗಲಿಯಲ್ಲಿ ಕೂತನಂತೆ. ಸೊಂಟ, ತಲೆ, ಕಣ್ಣು ಎಲ್ಲ ನೋವು ಅಂದನಂತೆ. "ಕಾಲು ನಡುಗ್ತದೆ, ನಂಗೆ ಹತ್ತಕ್ಕಾಗಲ್ಲ, ನೀನೇ ಹೋಗು," ಎಂದು ವಾಸಪ್ಪನವರಿಗೆ ಹೇಳಿದನಂತೆ. ವೆಂಕಮ್ಮ ಕಾಫಿ ಕೊಟ್ಟರೆ ಕುಡಿಯಲಿಲ್ಲ. "ಮನೆಯವ್ರಿಗೆ ಫೋನ್ ಮಾಡ್ತೀಯಾ ಅಂತ ಕೇಳ್ದೆ," ಅಂದರು ವೆಂಕಮ್ಮ. "ಬೇಡ, ನಮ್ಮಪ್ಪಂಗೆ ಗೊತ್ತಾಗೋದು ಬೇಡ, ಈ ಕೆಲಸ ನಿನ್ನ ಕೈಲಾಗಲ್ಲ ಅಂತ ಅವ್ರು ಮೊದ್ಲೇ ಹೇಳಿದ್ರು, ಅಂದ." ಅವನು ಕಂಬ ಹತ್ತಲಿಲ್ಲ ಅಮ್ಮ. ಯಾರ ಪರೀಕ್ಷೆಯೂ ಇರಲಿಲ್ಲ. ಜ್ವರ ಬಂದ ಎಲ್ಲರ ಹಾಗೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಅಲ್ಲೇ ಜಗಲಿಯ ಅಂಚಿನಲ್ಲಿ ಕೂತು ಆ ಜಾಗವನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ. ವೆಂಕಮ್ಮ ಹಿಂದಿನಿಂದ ಬಗ್ಗಿ ನೋಡಿ, ಅವನು ಕೂತದ್ದು ಅಲ್ಲಲ್ಲ, ಜಗಲಿಯ ಕಂಬದ ಈಚೆಗೆ ಎಂದು ನನ್ನನ್ನೇ ಸರಿಸಿ ಕೂರಿಸಿದರು.

ಆ ಪುಟವನ್ನು ಇಂಕಿನಲ್ಲಿ ಬರೆದು ಮುಗಿಸಿದ ಮೇಲೆ ನನಗೆ ಹೆದರಿಕೆಯಾಯಿತು. ಗಾಜಿನ ಕೆಳಗಿನ ಮಾತು ಸುಳ್ಳು ಎಂದು ಅಪ್ಪನಿಗೆ ಹೇಳುವುದೇ ದೊಡ್ಡದು, ಅದರ ಮೇಲೆ ಇದನ್ನೂ ತೋರಿಸಬೇಕೇ? ಅಪ್ಪನಿಗೆ ಗೊತ್ತಾಗುವುದು ಬೇಡ ಎಂಬ ಈ ಒಂದು ಮಾತನ್ನು ಬಿಟ್ಟರೂ ಚಿತ್ರ ನಿಲ್ಲುತ್ತದೆ ಎಂದು ಅಳಿಸಲು ಹೊರಟೆ. ಸೇರಿಸಿ ಒಮ್ಮೆ ಹೀಗಾಗಿದೆ, ಈಗ ತೆಗೆದು ಇನ್ನೇನಾಗುತ್ತದೋ ಅನ್ನಿಸಿ ಹಾಗೇ ಬಿಟ್ಟೆ. ದಸರಾ ಕಳೆಯಲಿ ಎಂದು ಕಾದೆ. ಮೊನ್ನೆ ಸೋಮವಾರ ಹಾಳೆಗಳನ್ನೆಲ್ಲ ಕಟ್ಟಿಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದೆ. ಬಾಳೆಹೊನ್ನೂರಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗಿಬಿಡೋಣ ಅನ್ನಿಸಿದ್ದೂ ನಿಜ.

ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ನನ್ನನ್ನು ನೋಡಿ, ಊಟ ಮಾಡಿದೆಯಾ ಅಂದರು. ನಾನು ನಿಂತಲ್ಲೇ ಹೇಳಿದೆ. "ಅಪ್ಪ, ಈ ಮಾತು ಅಣ್ಣ ಹೇಳಿದ್ದಲ್ಲ. ಅಮ್ಮ ನಂಗೇನೂ ಹೇಳಿಲ್ಲ. ನಾನೇ ಬರ್ದಿದ್ದು." ಅಷ್ಟರಲ್ಲಿ ಒಬ್ಬರು ರವಿಕೆ ಬಟ್ಟೆಗೆ ಬಂದರು. ಅಪ್ಪ ಎದ್ದು ಮೂರು ನಾಲ್ಕು ಬಣ್ಣ ತೆಗೆದು ತೋರಿಸಿದರು, ಅಳೆದರು, ಕತ್ತರಿಸಿದರು, ಮಡಿಚಿ ಕಾಗದದಲ್ಲಿ ಸುತ್ತಿ ಕೊಟ್ಟರು. ಅವರು ಮೆಟ್ಟಿಲು ಇಳಿದು ಹೋದ ಮೇಲೂ ಅಳತೆ ಕೋಲನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

"ನೀನೇ ಬರ್ದಿದ್ದಾ?" ಅಂದರು.

ಹೌದು ಅಂದೆ.

"ನಿಮ್ಮಮ್ಮಂಗೆ ಗೊತ್ತಿತ್ತಾ, ಇದು ಅವ್ನು ಅಂದಿದ್ದಲ್ಲ ಅಂತ?"

"ಗೊತ್ತಿತ್ತು. ನೋಡಿದ ಕೂಡ್ಲೇ ಕೇಳಿದ್ಲು."

"ನಾನು ದಿನಾ ಕೇಳ್ತಿದ್ದೆ ಅವ್ಳನ್ನ," ಅಂದರು ಅಪ್ಪ. "ಅನ್ನ ಬಡಿಸೋವಾಗ್ಲೂ ಕೇಳ್ತಿದ್ದೆ. ಒಂದು ದಿನ ಸೌಟು ಕೆಳಗಿಟ್ಟು ಹೊರಗೆ ಹೋದ್ಲು. ನಂಗೆ ಇನ್ನೂ ಸಿಟ್ಟು ಬಂತು."

ಆಮೇಲೆ ಕೂತರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದಿತ್ತು. ಮತ್ತೆ ಎದ್ದು ಮೇಜಿನ ಮೇಲಿನ ಬಟ್ಟೆ ಸರಿಸಿ ಗಾಜು ಎತ್ತಲು ನೋಡಿದರು. ಭಾರ ಇತ್ತು, ನಾನೂ ಒಂದು ಬದಿ ಹಿಡಿದೆ. ಜೆರಾಕ್ಸ್ ಒಂದು ಮೂಲೆಯಲ್ಲಿ ಅಂಟಿಕೊಂಡಿತ್ತು. ಹರಿಯದ ಹಾಗೆ ಉಗುರಿನಿಂದ ಬಿಡಿಸಿ, ಮಡಿಚಿ, ಕತ್ತರಿ ಇಡುವ ಡ್ರಾಯರಿನೊಳಗೆ ಇಟ್ಟರು. "ಹೊಸದು ತಂದಿದ್ದೀಯಾ, ಕೊಡು," ಅಂದರು.

ಕನ್ನಡಕ ಹಾಕಿಕೊಂಡು ಓದಿದರು. ಕೇರಂ ಬೋರ್ಡಿನ ಪುಟದಲ್ಲಿ ಮೂಗಿನಿಂದ ಸಣ್ಣ ಸದ್ದು ಬಂತು, ನಗುವಿನ ಹಾಗೆ. ಬೈಕಿನ ಪುಟವನ್ನು ನೋಡಿ ತಲೆಯೆತ್ತಿ ಎದುರಿನ ರಸ್ತೆಯ ಆಚೆ ಬದಿಯನ್ನು ನೋಡಿದರು. ವೆಂಕಮ್ಮನ ಜಗಲಿಯ ಪುಟಕ್ಕೆ ಬಂದಾಗ ನಾನು ಹೊರಗೆ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಕರೆದರು. "ಇದೂ ನಿಂದೇ ಮಾತಾ?" ಎಂದು ಕೇಳಿದರು. ಅಲ್ಲ, ಹಿರೇಕೊಡಿಗೆಯವರು ಹೇಳಿದ್ದು, ಅವರ ಎದುರೇ ಅಂದದ್ದಂತೆ ಅಂದೆ. "ಹಾಗಾದ್ರೆ ಇರ್ಲಿ," ಅಂದರು. "ನಾನು ಹಾಗೆ ಅಂದಿದ್ದು ಹೌದು."

ಅದಕ್ಕೂ ಹಿಂದಿನ ಪುಟಕ್ಕೆ ತಾವೇ ತಿರುವಿದರು. ಕೆಲಸದ ಆರ್ಡರ್ ಬಂದ ದಿನದ ಜಗಳ. ನಾನು ಆಗ ಶಿವಮೊಗ್ಗದಲ್ಲಿ ಓದುತ್ತಿದ್ದವಳು, ಕಂಡದ್ದಲ್ಲ. ಹಳೆಯ ಕರಡಿನಲ್ಲಿ ಜಗಳ ಎರಡು ಮಾತಿಗೇ ಮುಗಿದು, ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಹೊಸದರಲ್ಲಿ ಅಣ್ಣ ಉಣ್ಣುವ ತಟ್ಟೆ ದೂಡಿ ಎದ್ದು ಹೋಗುತ್ತಾನೆ. ಅಪ್ಪ ಅದನ್ನು ನೋಡಿ, "ತಪ್ಪು," ಅಂದರು. "ಅವ್ನು ಏಳ್ಲಿಲ್ಲ. ಎದ್ದಿದ್ದು ನಾನು. ಕೈ ತೊಳ್ದು ಬಂದಾಗ್ಲೂ ಅವ್ನು ಕೂತೇ ಇದ್ದ, ತಟ್ಟೆ ಮುಂದೆ. 'ಅಪ್ಪ, ಕೂತ್ಕೊಳ್ಳಿ' ಅಂದ. ನಾನು ಶರ್ಟು ಹಾಕ್ಕೊಂಡು ಅಂಗಡಿಗೆ ಬಂದೆ." ಬಟ್ಟೆ ಸುತ್ತುವ ಕಾಗದವೊಂದನ್ನು ಎಳೆದು ನನ್ನ ಮುಂದಿಟ್ಟರು. ಯಾರು ಎಲ್ಲಿ ಕೂತಿದ್ದರು, ಬಾಗಿಲು ಯಾವ ಕಡೆ ಎಂದು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನೀನು ಅಡಿಗೆಮನೆಯ ಬಾಗಿಲಲ್ಲಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದೆಯಂತೆ. ಹೌದೇ? ಅಣ್ಣನ ಮುಖ ಹೇಗಿತ್ತೆಂದು ಕೇಳಿದೆ. "ನೋಡ್ಲಿಲ್ಲ," ಅಂದರು. ಅದಕ್ಕೆ ಆ ಚೌಕದಲ್ಲಿ ಅವನ ಮುಖ ಬರೆದಿಲ್ಲ, ತಟ್ಟೆಯ ಮೇಲಿನ ಕೈ ಮಾತ್ರ ಇದೆ.

ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಅಪ್ಪ ಕೇಳಿದರು, "ಭಾನುವಾರ ತರೀಕೆರೆಗೆ ಬಸ್ಸು ಎಷ್ಟೊತ್ತಿಗೆ?" ಬೆಳಗ್ಗೆ ಲಕ್ಕವಳ್ಳಿ ಮೇಲೆ ಹೋಗುವುದೊಂದಿದೆ ಅಂದೆ. "ನೀನೂ ಬಾ," ಅಂದರು. ಭಾನುವಾರ ಎನ್.ಆರ್. ಪುರದಲ್ಲಿ ವ್ಯಾಪಾರ ಎಷ್ಟು ಜೋರೆಂದು ನಿನಗೆ ಹೇಳಬೇಕಿಲ್ಲ, ಆದರೂ ಅಂಗಡಿ ಮುಚ್ಚುತ್ತಾರಂತೆ. ಹಾಗಾಗಿ ಭಾನುವಾರ ನಾವಿಬ್ಬರೂ ಬರುತ್ತೇವೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟುತ್ತೇವೆ. ಚಿಕ್ಕಮ್ಮನಿಗೆ ಹೇಳು, ವಿಶೇಷ ಏನೂ ಬೇಡ, ತಿಳಿಸಾರು ಅನ್ನ ಸಾಕು. ಅಪ್ಪ ಈಚೆಗೆ ಖಾರ ಉಣ್ಣುವುದಿಲ್ಲ.

ಹೊಸ ಪುಟಗಳನ್ನೆಲ್ಲ ತರುತ್ತಿದ್ದೇನೆ. ನೀನು ನೋಡಿ, ಸರಿ ಅನ್ನುವವರೆಗೆ ಒಂದು ಹಾಳೆಯೂ ಪ್ರೆಸ್ಸಿಗೆ ಹೋಗುವುದಿಲ್ಲ. ಗಣಪತಿಯವರಿಗೂ ಹೇಳಿಯಾಗಿದೆ. ನಿನಗೆ ಇಡೀ ಪುಸ್ತಕವೇ ಬೇಡವೆನ್ನಿಸಿದರೆ ಬೇಡ. ಬರೆಯುತ್ತ ಅಣ್ಣನ ಜೊತೆ ಇಷ್ಟು ದಿನ ಇದ್ದೆ, ನನಗೆ ಅದು ಸಿಕ್ಕಿದೆ. ಅವನು ಬದುಕಿದ್ದಾಗ ಅಷ್ಟು ಇರಲಿಲ್ಲ.

ಚಿಕ್ಕಮ್ಮ ಚಿಕ್ಕಪ್ಪನಿಗೆ ನನ್ನ ನಮಸ್ಕಾರ, ಕೃತಿಕಾಳಿಗೆ ಪ್ರೀತಿ. ಮಗುವಿನ ನೆತ್ತಿಗೆ ಎಣ್ಣೆ ಹಾಕುವಾಗ ನನ್ನ ಲೆಕ್ಕದಲ್ಲಿ ಒಂದು ಹನಿ ಹೆಚ್ಚು ಹಾಕು. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಸಿಟ್ಟಿದ್ದರೆ ಅದೂ ಇರಲಿ.

ನಿನ್ನ ಮಗಳು,
ಸುಮಿ

ಮತ್ತೊಂದು ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಸ್ಪತ್ರೆಯ ಪುಟವನ್ನು ತೆಗೆದಿದ್ದೇನೆ. ಅದರ ಬದಲು ನಾನು ಬಂದು ತಲುಪಿದಾಗ ಕಂಡದ್ದನ್ನು ಬರೆದಿದ್ದೇನೆ. ಕಾರಿಡಾರಿನ ಬೆಂಚು, ನೀನು, ನಿನ್ನ ಮಡಿಲಲ್ಲಿ ರಿಂಗ್ ಆಗುತ್ತಿರುವ ಅವನ ಫೋನು. ಒಳಗೆ ಅವನು ನಿನಗೆ ಏನಾದರೂ ಹೇಳಿದ್ದರೆ ಅದು ನಿನ್ನದು, ನಾನು ಎಂದೂ ಕೇಳುವುದಿಲ್ಲ. ಆದರೆ ಅಪ್ಪ ಕೇಳುತ್ತಾರೆ. ಅದಕ್ಕೇ ಬರುತ್ತಿದ್ದಾರೆ. ಸಿದ್ದು ಕೊನೆಗೆ ತಮ್ಮ ವಿಷಯ ಏನಾದರೂ ಎತ್ತಿದನೇ ಎಂದು ನಿನ್ನ ಬಾಯಿಂದಲೇ ಕೇಳಬೇಕಂತೆ. ನಿನಗೆ ಹೇಳಬೇಡ ಅಂದಿದ್ದರು, ಹೇಳುತ್ತಿದ್ದೇನೆ, ನೀನು ಒಮ್ಮೆಗೇ ಗಾಬರಿಯಾಗಬಾರದೆಂದು. ಎತ್ತಿದ್ದರೆ ಎತ್ತಿದ ಅನ್ನು. ಇಲ್ಲವಾದರೆ ಇಲ್ಲ ಅನ್ನು ಅಮ್ಮ. ಅವರ ಮುಖ ನೋಡಿ ಒಂದು ಮಾತನ್ನೂ ಸೇರಿಸಬೇಡ.